‘ನಡೀತದ’ ಎನ್ನುವವರ ಗಾಡಿ

ಹೀಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಮಹಾನಂದಾಳಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ. ಕೆಟ್ಟದ್ದಾದರೆ ಬಿಚ್ಚಬಹುದು, ಬದಲಿಸಬಹುದು. ಎಲ್ಲ ಸರಿಯಾಗಿದ್ದೂ ಹೀಟರು ಉಗುರುಬೆಚ್ಚಗಿನ ಗಾಳಿ ಊದುತ್ತ ಕೂತರೆ ಯಾರನ್ನು ಬಯ್ಯುವುದು?

ಔರಾದಿನ ಆಸ್ಪತ್ರೆ ವಾಹನಗಳ ಡಿಪೊದಲ್ಲಿ ಅವಳು ಎಂಜಿನಿಯರು. ವಾರಕ್ಕೆ ಮೂರು ದಿನ ಡಯಾಲಿಸಿಸ್ ರೋಗಿಗಳನ್ನು ಬೀದರಿಗೆ ಕರೆದೊಯ್ದು ಸಂಜೆ ಮನೆ ಮುಟ್ಟಿಸುವ ವ್ಯಾನಿನ ಕೆಳಗೆ ಅವಳು ಆ ಮುಂಜಾನೆ ಅಂಗಾತ ಮಲಗಿದ್ದಳು. ನೀರು ತುಂಬಿತ್ತು. ಪೈಪಿನಲ್ಲಿ ಸೇರಿಕೊಂಡಿರಬಹುದಾದ ಗಾಳಿಯನ್ನು ಹೊರಗೆ ಬಿಟ್ಟಾಗಿತ್ತು. ಪಂಪು ಗುಂಯ್‌ಗುಡುತ್ತಿತ್ತು. ಫಿಲ್ಟರಿನ ಧೂಳು ಕೊಡವಿಯಾಗಿತ್ತು. ವಾಲ್ವಿನ ಈಚೆಯ ಪೈಪು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆಚೆಯದು ಸ್ನಾನ ಮುಗಿಸಿ ಬಿಟ್ಟ ನೀರಿನಷ್ಟು ಬೆಚ್ಚಗೆ. ವಾಲ್ವನ್ನೇ ಬದಲಿಸಿದಳು. ಹೊಸ ವಾಲ್ವೂ ಹಳೆಯದರಂತೆಯೇ ಒಂದು ಎಳೆಯಷ್ಟು ಬಾಯಿ ತೆರೆದು ನಿಂತಿತು.

“ಅಕ್ಕೋರೆ, ಕೈ ಸೆಟೆದು ಹೋಗ್ಯಾವ ನಿಮ್ಮವು. ನನ್ನ ಗ್ಲೌಸ್ ಹಾಕ್ಕೋರಿ,” ಎಂದು ಡ್ರೈವರ್ ಖಾಜಾಮಿಯಾ ಬಗ್ಗಿ ಕೈಚಾಚಿದ. ಅವನ ಗಡ್ಡದಲ್ಲಿ ಇಬ್ಬನಿ ಹರಳುಗಟ್ಟಿತ್ತು.

“ಗ್ಲೌಸ್ ಹಾಕ್ಕೊಂಡ್ರ ಪೈಪು ಬಿಸಿ ಅದನೋ ಇಲ್ಲೋ ಹ್ಯಾಂಗ ತಿಳೀತದ ಖಾಜಾಮಿಯಾ?”

“ಅದೂ ಖರೆ,” ಎಂದವನು ಗ್ಲೌಸನ್ನು ತಾನೂ ಹಾಕಿಕೊಳ್ಳದೆ ಜೇಬಿಗಿಟ್ಟುಕೊಂಡ.

ಬೀದರಿನ ಸೀಮೆಗೆ ಇಂಥ ಚಳಿ ಹಿಂದೆಂದೂ ಇರಲಿಲ್ಲ. ಕಾದು ಹೋಗುತ್ತಿದ್ದ ಭೂಮಿಗೆ ನೆರಳು ಮಾಡಲೆಂದು ಲೋಕದ ದೇಶಗಳೆಲ್ಲ ಕೂಡಿ ಆಕಾಶದ ಎತ್ತರದಲ್ಲಿ ಸಣ್ಣ ಪುಡಿಯೊಂದನ್ನು ಹರಡಿದವು. ಜನ ಅದನ್ನು ಮುಸುಕು ಎಂದು ಕರೆದರು. ಸಮುದ್ರ ಶಾಂತವಾಯಿತು, ಮಳೆ ಹಳಿಗೆ ಬಂತು. ಲೆಕ್ಕ ಹಾಕಿದವರು ಸನ್ಮಾನ ಮಾಡಿಸಿಕೊಂಡರು. ಆದರೆ ಈ ಎತ್ತರದ ಬಯಲಿನ ಚಳಿಗಾಲ ಅವರ ಲೆಕ್ಕಕ್ಕೆ ಸಿಗಲಿಲ್ಲ. ಪುಷ್ಯಮಾಸದ ಮುಂಜಾನೆ ಅಂಗಳದ ಹಂಡೆಯ ನೀರಿನ ಮೇಲೆ ಹಪ್ಪಳದಂಥ ಮಂಜು ಕಟ್ಟತೊಡಗಿತು. ಮುಸುಕಿನಿಂದ ಬಿಸಿಲು ಕಳೆಗುಂದಿದ್ದರಿಂದ ಸೂರ್ಯಶಕ್ತಿಯ ವಿದ್ಯುತ್ತೂ ಕುಸಿಯಿತು. ಬ್ಯಾಟರಿಯಿಂದ ಓಡುವ ಗಾಡಿಗಳಲ್ಲಿ ಓಟಕ್ಕೂ ಕಾವಿಗೂ ಒಂದೇ ಗಂಟು; ಅದನ್ನು ತುಂಬುವ ವಿದ್ಯುತ್ತೂ ಇಡೀ ವಲಯಕ್ಕೆ ಇಷ್ಟೇ ಎಂದು ಅಳೆದು ಬರುತ್ತಿತ್ತು. ಹಾಗಾಗಿ ಯಾವ ಗಾಡಿಗೆ ಎಷ್ಟು ಪಾಲು ಕಾವು ಎಂಬುದನ್ನು ಬೀದರಿನ ಶಾಖ ಕೇಂದ್ರ ಹಂಚುತ್ತಿತ್ತು. ಅಲ್ಲಿಂದ ಬರುವ ಆಜ್ಞೆಯಂತೆ ಪ್ರತಿ ಗಾಡಿಯ ವಾಲ್ವೂ ತೆರೆಯಬೇಕು, ಮುಚ್ಚಬೇಕು.

ಆ ವ್ಯಾನಿನಲ್ಲಿ ಹೋಗುವವರು ಮೂವರು. ನಿವೃತ್ತ ಪೋಸ್ಟ್‌ಮ್ಯಾನ್ ಝರೆಪ್ಪ, ಹೊಲಿಗೆ ಮಾಡುವ ನಸೀಮಾ, ಮತ್ತೆ ಮಹಾನಂದಾಳ ಅತ್ತೆ ರೇವಮ್ಮ. ಡಯಾಲಿಸಿಸ್ಸಿನಲ್ಲಿ ಮೈಯ ರಕ್ತವೆಲ್ಲ ಕೊಳವೆಗಳಲ್ಲಿ ಹೊರಗೆ ಸುತ್ತಾಡಿ, ತುಸು ತಣ್ಣಗಾಗಿ ಒಳಗೆ ಬರುತ್ತದೆ. ಯಂತ್ರದಿಂದ ಎದ್ದವರಿಗೆ ಬೇಸಿಗೆಯಲ್ಲೂ ನಡುಕ ಬರುವುದುಂಟು. ಈ ಚಳಿಯಲ್ಲಿ, ಆ ಸಂಜೆಯ ದಾರಿಯಲ್ಲಿ, ಅವರಿಗೆ ಬೆಚ್ಚಗಿನ ಗಾಡಿ ಔಷಧಿಗಿಂತ ಕಡಿಮೆಯದಲ್ಲ.

ಮಹಾನಂದಾ ಹಲ್ಲು ಕಚ್ಚಿ ವಾಲ್ವಿನ ಹಿಡಿಗೆ ತಾಮ್ರದ ತಂತಿ ಸುತ್ತಿದಳು. ಪೂರಾ ಬಾಯಿ ತೆರೆಸಿ ಬಿಗಿದು ಕಟ್ಟಿದಳು. ವ್ಯಾನಿನೊಳಗಿನ ಗಾಳಿಮೂತಿಯಿಂದ ಬಿಸಿಗಾಳಿ ಭರ್ರನೆ ಬಂತು.

“ವಾರೆವ್ಹಾ!” ಎಂದ ಖಾಜಾಮಿಯಾ.

ಆ ಸಂಜೆ ಸಂತಪುರ ದಾಟಿದ ಮೇಲೆ ವ್ಯಾನು ನಡುರಸ್ತೆಯಲ್ಲಿ ತಾನೇ ನಿಂತುಬಿಟ್ಟಿತು. “ಅನುಮತಿಯಿಲ್ಲದ ಶಾಖ ಬಳಕೆ ಕಂಡುಬಂದಿದೆ. ದಯವಿಟ್ಟು ಸಹಕರಿಸಿ,” ಎಂದು ಒಳಗಿನ ಧ್ವನಿ ಹೇಳಿತು. ಹೀಟರೂ ಬಂದ್, ಮೋಟರೂ ಬಂದ್. ಖಾಜಾಮಿಯಾನ ಫೋನು ಬಂದಕೂಡಲೆ ಮಹಾನಂದಾ ಸ್ಕೂಟರ್ ಹತ್ತಿ ಹೋಗಿ ತಂತಿ ಬಿಚ್ಚಿದಳು. ಆಮೇಲೆ ಹಿಂದಿನ ಬಾಗಿಲು ತೆರೆದಳು. ಖಾಜಾಮಿಯಾನ ಕೋಟು ಝರೆಪ್ಪನ ಕಾಲಿನ ಮೇಲಿತ್ತು. ರೇವಮ್ಮನ ಶಾಲು ನಸೀಮಾಳ ಹೆಗಲ ಮೇಲಿತ್ತು. ನಸೀಮಾ ರೇವಮ್ಮನ ಅಂಗೈಗಳನ್ನು ತನ್ನೆರಡು ಕೈಯಲ್ಲಿ ಹಿಡಿದು ಉಜ್ಜುತ್ತಿದ್ದಳು. ರೇವಮ್ಮನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು.

“ಬಂದೇನವಾ?” ಎಂದರು ರೇವಮ್ಮ. “ನೀ ಯಾಕ ಈ ಥಂಡ್ಯಾಗ ಬಂದಿ?”

*

ಮನೆಯಲ್ಲಿ ಮಹಾನಂದಾಳ ಗಂಡ ವೈಜಿನಾಥ ಹಂಚಿನ ಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಾಯಿಯ ಪಾದಕ್ಕೆ ಕಾವು ಕೊಡುತ್ತಿದ್ದ. ಶಾಲಾ ಮಾಸ್ತರ, ಮಾತು ಕಡಿಮೆ. ಗಂಟನ್ನು ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿ, ಸುಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಇಡುತ್ತಿದ್ದ.

“ಗುರುವಾರ ನಾ ಹೋಗೂದಿಲ್ಲ,” ಎಂದರು ರೇವಮ್ಮ.

ವೈಜಿನಾಥನ ಕೈ ನಿಂತಿತು.

“ಹೋಗೂದಿಲ್ಲ ಅಂದ್ರ?” ಎಂದಳು ಮಹಾನಂದಾ.

“ಗುರುವಾರಾನೂ ಇಲ್ಲ, ಶನಿವಾರಾನೂ ಇಲ್ಲ. ಮಷೀನಿನ ಮ್ಯಾಲಿಂದ ಎದ್ರ ಜೀವ ಹಗುರ ಆಗ್ತದ. ಆ ಗಾಡ್ಯಾಗ ಕುಂತ್ರ ಹೋಗೇ ಬಿಡ್ತದ. ಸಾಕವಾ. ನಾ ಯಾರ ಮ್ಯಾಲೂ ತಪ್ಪು ಹೊರಸೂದಿಲ್ಲ. ಖಾಜಾಮಿಯಾ ದೇವರಂಥಾಂವ. ನೀನೂ ಏನೇನೋ ಮಾಡಿ. ನನಗ ಆಗೂದಿಲ್ಲ, ಅಷ್ಟ.”

ಹೇಳಿದ ರೀತಿ, ನಾಳೆ ಸಂತೆಗೆ ಬರುವುದಿಲ್ಲ ಎಂದಂತಿತ್ತು. ಆದರೆ ಆ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ತಪ್ಪಿಸಿದರೆ ಕಾಲು ಬಾತುಕೊಳ್ಳುತ್ತದೆ. ಎರಡು ಸಲ ತಪ್ಪಿಸಿದರೆ ಮಲಗಿದಾಗ ಉಸಿರು ಸಿಗುವುದಿಲ್ಲ. ಅದರಾಚೆಗಿನದನ್ನು ವೈದ್ಯರು ವೈಜಿನಾಥನನ್ನು ಹೊರಗೆ ಕರೆದು ಹೇಳಿದ್ದರು.

ವೈಜಿನಾಥ ಹೆಂಡತಿಯ ಮುಖ ನೋಡಿದ. ಅವಳು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಸದ್ದು ಮಾಡುತ್ತ ತೊಳೆದಳು.

*

ಮರುದಿನ ಅವಳು ಬೀದರಿನ ಶಾಖ ಕೇಂದ್ರದಲ್ಲಿದ್ದಳು. ಮುಖ್ಯಸ್ಥ ಸುಧೀಂದ್ರ ಮೈಸೂರಿನ ಕಡೆಯವನು, ತಾಳ್ಮೆಯ ಮನುಷ್ಯ. ಅವಳ ಬಿರುಕು ಬಿಟ್ಟ ಬೆರಳುಗಳನ್ನು ಕಂಡವನೇ ಕುರ್ಚಿಯನ್ನು ಬೆಚ್ಚಗಿನ ಮೂಲೆಗೆ ಎಳೆದು ಕೂರಿಸಿ ಚಹಾ ತರಿಸಿದ. ಅವನು ಕೆಟ್ಟವನಾಗಿದ್ದರೆ ಮಹಾನಂದಾಳಿಗೆ ಸುಲಭವಾಗುತ್ತಿತ್ತು.

ಗೋಡೆಯ ತುಂಬ ವಲಯದ ನಕ್ಷೆ. ಪ್ರತಿ ಗಾಡಿಯೂ ಒಂದು ಚುಕ್ಕೆ. ತೃಪ್ತರಾದವರದು ಹಸಿರು, ಅತೃಪ್ತರದು ಕೆಂಪು.

“ನಿಮ್ಮ ಗಾಡಿ ನೋಡಿ ಮೇಡಂ, ಎಷ್ಟು ಹಸಿರಾಗಿದೆ!” ಎಂದ ಸುಧೀಂದ್ರ. “ನಾವು ಬೇರೆ ಡಿಪೊಗಳಿಗೆ ಅದನ್ನೇ ಮಾದರಿ ಅಂತ ತೋರಿಸ್ತೀವಿ. ಇಡೀ ವಲಯದಲ್ಲೇ ಅತಿ ಸಂತೋಷದ ಗಾಡಿ.”

“ಸಂತೋಷ?”

“ಪ್ರಯಾಣದಲ್ಲಿ ಆಗಾಗ ಗಾಡಿ ಕೇಳುತ್ತಲ್ಲ, ‘ನಿಮಗೆ ಕಾವು ಸಾಕಾಗಿದೆಯೇ’ ಅಂತ? ಸಾಕು ಅಂದ್ರೆ ಒಂದೆಳೆ ಕಡಿಮೆ ಮಾಡಿ ಮತ್ತೆ ಕೇಳುತ್ತೆ. ಆಗಲೂ ಸಾಕು ಅಂದ್ರೆ ಇನ್ನೊಂದೆಳೆ. ಸಾಲದು ಅನ್ನೋವರೆಗೂ ಇಳಿಸ್ತಾ ಹೋಗುತ್ತೆ. ಉಳಿದದ್ದು ಸಾಲದು ಅನ್ನೋ ಗಾಡಿಗೆ ಹೋಗುತ್ತೆ, ಅದಕ್ಕೂ ಮಿಕ್ಕಿದ್ದು ಕೇಂದ್ರದ ಮೀಸಲಿಗೆ. ಎಷ್ಟು ಸರಳ ನೋಡಿ! ಮೊದಲು ಸೀಟಿನಲ್ಲೇ ಉಷ್ಣಮಾಪಕ ಇತ್ತು. ಯಂತ್ರ ನಮ್ಮ ಬಗ್ಗೆ ತೀರ್ಮಾನ ಮಾಡೋದೇನು ಅಂತ ಜನ ತಕರಾರು ತೆಗೆದರು. ಅದನ್ನ ಕಿತ್ತು ಹಾಕಿ, ಜನರ ಮಾತೇ ಕೊನೆಯ ಮಾತು ಅಂತ ನಿಯಮ ಮಾಡಿದ್ವಿ.”

ಆ ಪ್ರಶ್ನೆ ಕೇಳುವ ಧ್ವನಿಯನ್ನು ಮಹಾನಂದಾ ನೂರು ಸಲ ಕೇಳಿದ್ದಳು. ಸುಮ್ಮನೆ ಅಭಿಪ್ರಾಯ ಸಂಗ್ರಹ ಎಂದುಕೊಂಡಿದ್ದಳು. ಅದಕ್ಕೂ ವಾಲ್ವಿಗೂ ನಂಟಿದೆ ಎಂದು ಡಿಪೊದವರಿಗೆ ಯಾರೂ ಹೇಳಿರಲಿಲ್ಲ. “ನಮ್ಮವರು ಏನಂದಾರ? ಕೇಳಸ್ರಿ,” ಎಂದಳು.

ಸುಧೀಂದ್ರ ಮೊದಲು ಕಳೆದ ಶನಿವಾರದ ಉತ್ತರಗಳನ್ನು ಹಾಕಿದ.

“ನಡೀತದ ಮಗಳೇ,” ಎಂದಿತು ರೇವಮ್ಮನ ಧ್ವನಿ.

“ನಡೀತದ್ರಿ,” ಎಂದಳು ನಸೀಮಾ.

“ನಡೀತದ, ನಡೀತದ. ಆಯಿಗಿ ಜರಾ—” ರೇವಮ್ಮನ ಬಗ್ಗೆ ಏನೋ ಹೇಳಹೊರಟ ಝರೆಪ್ಪನ ಮಾತು ಅಲ್ಲಿಗೆ ಕತ್ತರಿಸಿಹೋಗಿತ್ತು. ಒಪ್ಪಿಗೆ ಸಿಕ್ಕ ಕೂಡಲೇ ಯಂತ್ರ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಆಮೇಲಿನದು ನಿನ್ನೆ ಗಾಡಿ ನಡುರಸ್ತೆಯಲ್ಲಿ ನಿಂತಾಗಿನದು. ಮೋಟರು ಬಂದ್ ಮಾಡಿದ ಮೇಲೂ ಅದು ಕೇಳಿತ್ತು. “ನ-ನ-ನಡೀತದವಾ,” ಎಂದಿದ್ದರು ರೇವಮ್ಮ. ನಡುವೆ ಹಲ್ಲು ಕಡಿಯುವ ಸದ್ದು.

ಮಹಾನಂದಾಳ ಚಹಾದ ಲೋಟ ಮೇಜಿನ ಮೇಲೆ ಬಡಿದು ಚೆಲ್ಲಿತು. “ಇದು ನಿಮಗ ಸಾಕು ಅಂದಂಗ ಕೇಳ್ತದ?”

“ನಡೆಯುತ್ತೆ ಅಂದ್ರೆ ಒಪ್ಪಿಗೆ ತಾನೇ? ನಮ್ಮ ಪದಕೋಶದಲ್ಲಿ ಹಾಗೇ ಇದೆ.”

“ಯಾರು ಬರದಾರ ಪದಕೋಶ? ನಮ್ಮ ಕಡೆ ಬಂದು ಯಾರ ಮನ್ಯಾಗರ ಒಂದು ದಿನ ಉಂಡಾರೇನು ಅವ್ರು? ಬೀಗರು ಬಂದು ಅನ್ನ ತೀರಿದ್ರ ಮನಿ ಹೆಂಗಸು ‘ನನಗ ನಡೀತದ’ ಅಂತಾಳ. ಹಸಿವಿ ಇಲ್ಲಂತ ಅಲ್ಲ ಸಾಹೇಬ್ರೆ! ಬಸ್ಸಿನ್ಯಾಗ ಕಾಲ ತುಳದವ್ರಿಗೂ ನಡೀತದ ಅಂತೀವಿ. ಕಾಲು ನೋಯೂದಿಲ್ಲೇನು? ನನಗ ಕಷ್ಟ ಅದ, ಆದ್ರ ನಿನಗ ತ್ರಾಸು ಕೊಡೂದಿಲ್ಲ ಅಂತ ಅದರ ಅರ್ಥ. ನೀವು ಆ ಮಾತು ಕೇಳ್ಕೊಂಡು ಮೈಮ್ಯಾಲಿನ ಹೊದಿಕಿ ಎಳಕೊಂಡೀರಿ!”

ಸುಧೀಂದ್ರ ಚೆಲ್ಲಿದ ಚಹಾವನ್ನು ತನ್ನ ಕರವಸ್ತ್ರದಿಂದ ಒರೆಸುತ್ತ, “ನಿಮ್ಮ ಡ್ರೈವರ್ ಕೂಡ ತನ್ನ ಕಡೆಯ ಗಾಳಿಮೂತಿ ಮುಚ್ಚಿಟ್ಟಿದ್ದಾನೆ. ಹೆಚ್ಚಾಗಿದೆ ಅಂತಲ್ವಾ?” ಎಂದ.

“ಹಿಂದ ಕುಂತವ್ರಿಗಿ ಹೋಗ್ಲಿ ಅಂತ ಮುಚ್ಯಾನ!”

“ಅದನ್ನ ಯಂತ್ರ ಹೇಗೆ ತಿಳಿದುಕೊಳ್ಳಬೇಕು ಮೇಡಂ?”

ಅವಳ ಸಿಟ್ಟು ಇನ್ನಷ್ಟು ಏರಿತು. “ನಮ್ಮ ಕಾವು ಯಾರಿಗಿ ಹೋಯ್ತು?”

ಅವನು ನಕ್ಷೆಯ ಮೇಲೆ ಊರ ಹೊರಗಿನ ಅಧಿಕಾರಿಗಳ ಕಾಲೊನಿಯ ಬಸ್ಸನ್ನು ತೋರಿಸಿದ. ಅಲ್ಲಿಯ ಉತ್ತರಗಳನ್ನೂ ಕೇಳಿಸಿದ. “ಏನ್ರೀ ಇದು, ಬಸ್ಸೋ ಫ್ರಿಜ್ಜೋ?” “ಯಾರ್ರೀ ಇಲ್ಲಿ ಇನ್‌ಚಾರ್ಜು?” ಆ ಬಸ್ಸಿನವರು ಸ್ವೆಟರ್ ಬಿಚ್ಚಿಟ್ಟುಕೊಂಡು ಕೂರುತ್ತಾರೆಂದು ಆಮೇಲೆ ಖಾಜಾಮಿಯಾ ಹೇಳಿದ.

ನಿಯಮ ಬದಲಿಸಲು ಯುಗಾದಿಯ ನಂತರ ಸಮಿತಿ ಸೇರಬೇಕು. ಅಲ್ಲಿಯವರೆಗೆ ದಾರಿ ಒಂದೇ: ಪ್ರಯಾಣಿಕರೇ ಸಾಲದು ಎನ್ನಬೇಕು. ಅಂದಷ್ಟೂ ಪಾಲು ವಾಪಸು ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಗಾಡಿಗಳು ಸಾಲದು ಎಂದರೆ ಕೇಂದ್ರ ತನ್ನ ಮೀಸಲನ್ನೂ ಬಿಡಬೇಕಂತೆ. “ಅದು ಬರೀ ಕಾಗದದ ಮೇಲಿನ ನಿಯಮ, ಯಾವತ್ತೂ ಆಗಿಲ್ಲ,” ಎಂದ ಸುಧೀಂದ್ರ, ಬಾಗಿಲವರೆಗೂ ಬಂದು ಬೀಳ್ಕೊಡುತ್ತ. “ಮೀಸಲು ಉಳಿಸಿ ಮೇಲಿನ ಕಚೇರಿಗೆ ಕಳಿಸೋದರಲ್ಲಿ ನಮ್ಮ ವಲಯವೇ ಮೊದಲು.”

*

ಅಂದು ಸಂಜೆ ಮನೆಯಲ್ಲಿ ತಾಲೀಮು ನಡೆಯಿತು.

“ಅತ್ತಿ, ಗಾಡಿ ಕೇಳಿದ್ರ ಏನಂತೀರಿ? ಸಾಲೂದಿಲ್ಲ. ಅನ್ರಿ.”

“ಸಾಲೂದಿಲ್ಲ,” ಎಂದರು ರೇವಮ್ಮ, ಯಾರೋ ಕದ್ದು ಕೇಳುತ್ತಾರೇನೋ ಎಂಬಂತೆ.

ವೈಜಿನಾಥ ಗಂಟಲು ಸರಿಮಾಡಿಕೊಂಡು ಹೆಣ್ಣುಧ್ವನಿ ತೆಗೆದ. “ನಿಮಗೆ ಕಾವು ಸಾಕಾಗಿದೆಯೇ?”

“ನಡೀತದ,” ಎಂದುಬಿಟ್ಟರು ರೇವಮ್ಮ.

“ಅವ್ವಾ!”

“ಬಾಯಿಗಿ ಬಂದು ಬಿಡ್ತದಪ್ಪ. ಆ ಹುಡಗಿ ಎಷ್ಟು ಮೆತ್ತಗ ಕೇಳ್ತದ. ಪಾಪ, ದಿನಾ ಎಷ್ಟು ಮಂದೀನ ಕೇಳಬೇಕೋ ಏನೋ.”

“ಅದು ಹುಡಗಿ ಅಲ್ರಿ ಅತ್ತಿ. ಮಷೀನು.”

“ಇರ್ಲಿ, ಮಾತಾಡ್ತದಲ್ಲ? ಮ್ಯಾಲಾಗಿ ನಾವು ಕಾವು ಕಾವು ಅಂತ ಬಡಕೊಂಡ್ರ ಬ್ಯಾಟರಿ ತೀರಿ ಗಾಡಿ ನಿಂತ್ರ? ಖಾಜಾಮಿಯಾನ ನೌಕರಿಗಿ ಬಂತಂದ್ರ?”

ಮತ್ತೆ ಕೇಳಿದರು. ಮತ್ತೆ ನಡೀತದ. ಮೂರನೆಯ ಸಲವೂ ಅದೇ. ಮಹಾನಂದಾಳಿಗೆ ತಡೆಯಲಾಗಲಿಲ್ಲ. “ಸಾಯ್ರಿ ಹಂಗಾರ!” ಎಂದು ಕೂಗಿದಳು. “ನಡೀತದ ನಡೀತದ ಅನ್ಕೋತ ಎಲ್ಲಾರೂ ಕೂಡಿ ಸಾಯ್ರಿ. ಅವ್ರು ಅದಕ್ಕೂ ಹಸಿರು ಚುಕ್ಕಿ ಹಚ್ತಾರ!”

ಅವಳು ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ರೇವಮ್ಮನ ಮುಂದೆ ದನಿ ಎತ್ತಿರಲಿಲ್ಲ. ರೇವಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಸೊಸೆಯ ಸೆರಗು ಹಿಡಿದು ಹತ್ತಿರ ಕೂರಿಸಿಕೊಂಡರು.

“ನನ್ನ ಬಿಡವಾ. ಆ ಝರೆಪ್ಪಣ್ಣನ ಕಾಲು ನೋಡಬೇಕು ನೀ. ಊರೆಲ್ಲ ಕಾಗದ ಹಂಚಿದ ಕಾಲು, ಕಟ್ಟಿಗಿ ಆಗ್ಯಾವ. ಅಂವ ಬಾಯಿ ಬಿಡೂದಿಲ್ಲ. ಮುದಕ ಮನುಷ್ಯಾನ ಹಂಗ ಕುಂದರಿಸಿ ಕರಕೊಂಡು ಬರ್ತಾರಲ್ಲ, ಅವ್ರಿಗಿ ಕರುಳು ಅನ್ನೂದು ಅದನಾ?” ಹೇಳುತ್ತ ಹೇಳುತ್ತ ರೇವಮ್ಮನ ದನಿ ಏರಿತು. “ಆ ನಸೀಮಾನ ನೋಡು, ಕೂಸಿನಂಥಾಕಿ! ಬೆರಳು ಸೆಟೆದು ಸೂಜಿ ಹಿಡ್ಯಾಕ ಬರೂದಿಲ್ಲ ಅಂತಾಳ. ಯಾರಂವ ಅಲ್ಲಿ ಕುಂತಾಂವ? ಒಂದ ಸಲ ನನ್ನ ಮುಂದ ಬರ್ಲಿ!”

ಮಹಾನಂದಾ ಅತ್ತೆಯ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಇಷ್ಟು ಸಿಟ್ಟು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತೆ ತಮಗಾಗಿ ಇಟ್ಟುಕೊಂಡದ್ದು ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಪಕ್ಕದವರಿಗಾಗಿ ಕೊಡಗಟ್ಟಲೆ ಇತ್ತು.

“ಅತ್ತಿ,” ಎಂದಳು ನಿಧಾನವಾಗಿ, “ನಾಳೆ ಒಂದ ಸಲ ಬರ್ರಿ. ನಿಮಗಾಗಿ ಬ್ಯಾಡ. ಝರೆಪ್ಪ ಮುತ್ಯಾನ ಸಲವಾಗಿ. ನಾನೂ ಗಾಡ್ಯಾಗ ಬರ್ತೀನಿ.”

*

ಪ್ರಶ್ನೆಯನ್ನು ಆಯಾ ಊರಿನ ಮಾತಿಗೆ ಒಗ್ಗಿಸಿಕೊಳ್ಳಲು ಡಿಪೊಗಳಿಗೆ ಅನುಮತಿ ಇತ್ತು. ಆ ಸೌಲಭ್ಯವನ್ನು ಇದುವರೆಗೆ ಯಾರೂ ಬಳಸಿರಲಿಲ್ಲ. ಮಹಾನಂದಾ ಗುರುವಾರ ಮುಂಜಾನೆ ವ್ಯಾನಿನಲ್ಲಿ ಕೂತು ತನ್ನದೇ ದನಿಯಲ್ಲಿ ಹೊಸ ಪ್ರಶ್ನೆ ತುಂಬಿದಳು. ವಾಲ್ವು ಮುಟ್ಟಲಿಲ್ಲ, ತಂತಿ ಕಟ್ಟಲಿಲ್ಲ.

ಮೂವರೂ ಹತ್ತಿದರು. ಗಾಡಿ ಊರು ದಾಟಿತು. ಬಯಲಿನ ತೊಗರಿಯ ಮೇಲೆ ಬಿಳಿ ಪುಡಿ ಚೆಲ್ಲಿದಂತೆ ಮಂಜು ಬಿದ್ದಿತ್ತು. ಆಗ ಗಾಡಿ ಕೇಳಿತು:

“ನಿಮ್ಮ ಬಾಜೂದವ್ರಿಗಿ ಕಾವು ಸಾಕಾಗ್ಯಾದೇನ್ರಿ?”

ಝರೆಪ್ಪ ಬಾಯಿ ತೆರೆದು, ರೂಢಿಯಂತೆ “ನಡೀ—” ಎಂದು, ಪಕ್ಕಕ್ಕೆ ತಿರುಗಿ ರೇವಮ್ಮನನ್ನು ನೋಡಿ ನಿಲ್ಲಿಸಿದ.

“ಇಲ್ಲ,” ಎಂದ. “ಎಲ್ಲಿ ಸಾಕಾಗ್ಯಾದ? ಆಯಿ ಗಡಗಡ ನಡುಗಲತ್ತಾಳ. ಕಣ್ಣು ಕಾಣ್ಸೂದಿಲ್ಲೇನು ನಿಮಗ?”

“ಸಾಲೂದಿಲ್ಲ!” ಎಂದರು ರೇವಮ್ಮ. “ಈ ಅಣ್ಣನ ಕಾಲು ಮುಟ್ಟಿ ನೋಡು ಬಾ. ಬಾ ಇಲ್ಲಿ! ಮನುಷ್ಯಾರನ್ನ ಒಯ್ಲತ್ತೀರೋ ಐಸ್‌ಕ್ಯಾಂಡಿ ಒಯ್ಲತ್ತೀರೋ?”

“ಡ್ರೈವರ್ ಚಾಚಾಗ ಕೋಟೇ ಇಲ್ಲರಿ!” ಎಂದಳು ನಸೀಮಾ. “ದಿನಾ ಬಿಚ್ಚಿ ನಮಗ ಹೊಚ್ಚತಾರ. ಅವ್ರಿಗಿ ಜ್ವರಾ ಬಂದ್ರ ನೀವು ಗಾಡಿ ಹೊಡೀತೀರೇನ್ರಿ?”

“ಏ ಬೇಟಿ, ನಂದು ಬಿಡು, ಆ ಮೂರೂ ಮಂದೀದು ಹೇಳು,” ಎಂದು ಖಾಜಾಮಿಯಾ ಮುಂದಿನಿಂದ ಕೂಗಿದ. “ಮೂರೂ ಮಂದೀಗಿ ಸಾಲೂದಿಲ್ಲ! ಬರ್ಕೊ!”

ಕೊಳವೆಯಲ್ಲಿ ಚಿಕ್ಕ ಸದ್ದಾಯಿತು. ಮಹಾನಂದಾ ಮೂತಿಗೆ ಕೈ ಒಡ್ಡಿದಳು. ಒಂದೆಳೆ. ಸಂತಪುರದ ಹತ್ತಿರ ಗಾಡಿ ಮತ್ತೆ ಕೇಳಿತು, ಮತ್ತೆ ಬೈಗುಳ ತಿಂದಿತು, ಇನ್ನೊಂದೆಳೆ. ಈಗ ಅವರಿಗೆ ಹುರುಪು ಬಂದಿತ್ತು. ಪಕ್ಕದವರ ಪರವಾಗಿ ಗಾಡಿಯನ್ನು ಯಾರು ಹೆಚ್ಚು ಜೋರಾಗಿ ಬಯ್ಯುತ್ತಾರೆಂದು ಪೈಪೋಟಿ ನಡೆಯಿತು. ಸಂಜೆ ವಾಪಸು ಬರುವಾಗ ವ್ಯಾನು ಅಡುಗೆಮನೆಯ ಹಾಗೆ ಬೆಚ್ಚಗಿತ್ತು. ನಸೀಮಾ ಕೂತಲ್ಲೇ ನಿದ್ದೆ ಹೋದಳು. ರೇವಮ್ಮನ ತುಟಿ ತನ್ನ ಬಣ್ಣದಲ್ಲೇ ಇತ್ತು.

*

ಶುಕ್ರವಾರ ಮುಂಜಾನೆ ಸುಧೀಂದ್ರನ ಫೋನು ಬಂತು. ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು, ಕೈಯೆಲ್ಲ ಹಿಟ್ಟು. ಹಾಗಾಗಿ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು.

“ನಿಮ್ಮ ಗಾಡಿಗೆ ಪಾಲು ವಾಪಸು ಬಂತು. ಸಂತೋಷ. ಆದರೆ ಎಲ್ಲಿಂದ ಬಂತು ಅಂತ ನಿಮಗೆ ತಿಳಿದಿರಲಿ. ಕಾಲೊನಿ ಬಸ್ಸಿಂದ ಅಲ್ಲ. ಅವರೂ ಸಾಲದು ಅಂತಾನೇ ಇದ್ದಾರೆ. ಯಾರು ಸಾಕು ಅಂತಾರೋ ಅವರಿಂದ ತಾನೇ ತೆಗೆಯೋದು? ಕಮಲನಗರದ ಕಡೆಯ ಶಾಲಾ ವ್ಯಾನು. ಮಕ್ಕಳು. ಗಾಡಿ ಕೇಳಿದ ಕೂಡಲೇ ಎಲ್ಲಾ ಒಟ್ಟಿಗೇ ‘ಹೌದು ಟೀಚರ್’ ಅಂತಾವೆ.”

ಲಟಲಟ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೊಸ್ತಿಲ ಬಳಿ ಕೂತಿದ್ದ ರೇವಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಕೂಸುಗಳ ಕಾವು ಕಸಗೊಂಡು ನಾ ಬೆಚ್ಚಗ ಕೂಡೂದಾ?” ಎಂದರು. “ನಾಳೆ ನಾ ಬರೂದಿಲ್ಲ ಮಹಾನಂದಾ. ಈ ಸಲ ನೀ ಯಾರ ಹೆಸರು ಹೇಳಿದ್ರೂ ಬರೂದಿಲ್ಲ.”

ಮಹಾನಂದಾ ಕೈತೊಳೆದುಕೊಂಡಳು. ಸಿಟ್ಟು ಈಗ ಅವಳಲ್ಲಿ ಉರಿಯುತ್ತಿರಲಿಲ್ಲ. ಗಟ್ಟಿಯಾಗಿ, ಕೆಲಸಕ್ಕೆ ಬರುವಂತೆ ಕೂತಿತ್ತು. ವಲಯದ ಡಿಪೊಗಳ ಎಂಜಿನಿಯರುಗಳೆಲ್ಲ ಅವಳಿಗೆ ಪರಿಚಿತರೇ. ಒಬ್ಬೊಬ್ಬರಿಗೂ ಫೋನು ಮಾಡಿದಳು. ಭಾಲ್ಕಿಯವನು ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಹುಮನಾಬಾದಿನವಳು, “ನಮ್ಮ ಅಪ್ಪಾನೂ ಅದೇ ಅಂತಾನಕ್ಕ, ನಡೀತದ ಅಂತ,” ಎಂದಳು. ಮರಾಠಿ ಮಾತಾಡುವ ಗಡಿ ಊರಿನವನು, “ನಮ್ಮಲ್ಲಿ ‘ಚಾಲ್ತಯ್’ ಅಂತಾರ. ಅದೂ ಹಸಿರೇ,” ಎಂದ. ಎಲ್ಲರೂ ತಮ್ಮ ತಮ್ಮ ಊರ ಮಾತಿನಲ್ಲಿ ಪ್ರಶ್ನೆಯನ್ನು ಬದಲಿಸಿದರು. ಮಕ್ಕಳ ವ್ಯಾನಿಗೆ ಅವಳೇ ಹೇಳಿಕೊಟ್ಟಳು: ‘ನಿಮ್ಮ ಗೆಳೆಯ ಬೆಚ್ಚಗದಾನೇನು?’

ಶಾಲೆಗಳು ಬಿಡುವ ಹೊತ್ತಿಗೆ ಅವಳು ಶಾಖ ಕೇಂದ್ರದ ಗೋಡೆಯ ಮುಂದೆ ನಿಂತಿದ್ದಳು. ಹಸಿರು ಚುಕ್ಕೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಕಮಲನಗರದ ಚುಕ್ಕೆ ಕೆಂಪಾದಾಗ ಸುಧೀಂದ್ರ ಅದರ ಧ್ವನಿ ಹಾಕಿದ. “ಟೀಚರ್, ಟೀಚರ್, ಇವನ ಮೂಗು ಸೋರ್ಲತ್ತದ!” “ಈಕಿ ಅಳ್ಲತ್ತಾಳ್ರಿ, ಕೈ ನೋಯ್ತಾವಂತ!” ಒಂದರ ಮೇಲೊಂದು, ಗುಬ್ಬಿಗಳ ಗಲಾಟೆಯಂತೆ.

ಅವನು ಧ್ವನಿ ನಿಲ್ಲಿಸಿದ.

“ಇದು ಮೋಸ ಮೇಡಂ,” ಎಂದ. “ನೀವು ಜನರ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದೀರಿ.”

“ಸುಳ್ಳು ಅವ್ರು ಮದಲು ಹೇಳ್ತಿದ್ರು. ತಮ್ಮ ಬಗ್ಗೆ ಹೇಳೂವಾಗ. ಈಗ ಖರೆ ಹೇಳ್ಲತ್ತಾರ.” ಅವಳು ಗೋಡೆಯತ್ತ ಕೈ ಮಾಡಿದಳು. “ಅರ್ಧ ದಾಟ್ಯಾದ. ಮೀಸಲು ಬಿಡ್ರಿ.”

“ಅದು ಮೇಲಕ್ಕೆ ಕಳಿಸಬೇಕಾದ ಉಳಿತಾಯ. ನಾಳೆ ಕಳಿಸ್ತೀವಿ ಅಂತ ಹೇಳಿಬಿಟ್ಟಿದ್ದೀನಿ.”

“ಉಳಿತಾಯ?” ಮಹಾನಂದಾ ಮೇಜಿನ ಮೇಲೆ ಎರಡೂ ಕೈಯೂರಿ ಬಗ್ಗಿದಳು. ದನಿ ಎತ್ತರಿಸಲಿಲ್ಲ. “ಹಲ್ಲು ಕಡ್ಕೋತ ನಡೀತದ ಅಂದವ್ರ ಮೈಯಿಂದ ತಗದದ್ದಕ್ಕ ಉಳಿತಾಯ ಅಂತ ಹೆಸರು ಇಟ್ಟೀರಿ. ನಮ್ಮ ಮಂದಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟದ್ದದು. ನಿಮಗ ಕೊಟ್ಟದ್ದಲ್ಲ. ಮ್ಯಾಲಿನವ್ರಿಗಿ ಕೊಟ್ಟದ್ದಲ್ಲ. ನಮ್ಮ ಒಳ್ಳೇತನಾನ ಬ್ಯಾಟರಿ ಮಾಡ್ಕೊಂಡು ಎಷ್ಟು ದಿನ ಗಾಡಿ ಓಡಸ್ತೀರಿ? ಬಿಡ್ರಿ ಅಂದೆ.”

ಸುಧೀಂದ್ರ ಕೀಲಿಮಣೆಯ ಮೇಲೆ ಕೈಯಿಟ್ಟ. ಒಂದು ಸಲ ಗೋಡೆಯ ಕಡೆ ನೋಡಿದ. ಆಮೇಲೆ ಒತ್ತಿದ. ಗೋಡೆಯ ಮೇಲೆ ಏನೂ ಬದಲಾಗಲಿಲ್ಲ. ಆದರೆ ವಲಯದ ಗಾಡಿಗಳಲ್ಲೆಲ್ಲ ಅದೇ ಕ್ಷಣ ವಾಲ್ವುಗಳು ಬಾಯಿ ತೆರೆಯುತ್ತಿವೆಯೆಂದು ಅವಳಿಗೆ ಗೊತ್ತಿತ್ತು.

“ಯುಗಾದಿಯವರೆಗೂ ಬರೋದಿಲ್ಲ ಈ ಮೀಸಲು,” ಎಂದ. “ಸೋಮವಾರ ವಿಚಾರಣೆ ಇಡ್ತಾರೆ ನಿಮ್ಮ ಮೇಲೆ. ನನ್ನ ಮೇಲೂ ಇರಬಹುದು. ಸೀಟಿನ ಉಷ್ಣಮಾಪಕ ವಾಪಸು ಬೇಕು ಅಂತ ಅಲ್ಲಿ ಹೇಳಿ. ಇದೇ ಥರ ಹೇಳಿ. ನಾನು ಹೇಳಿದರೆ ಯಾರೂ ಕೇಳೋದಿಲ್ಲ.”

*

ಶನಿವಾರ ಬೆಳಿಗ್ಗೆ ಮಹಾನಂದಾ ಕಮಲನಗರದ ಶಾಲೆಗೆ ಫೋನು ಹಚ್ಚಿ, ಮಕ್ಕಳ ವ್ಯಾನು ಬೆಚ್ಚಗೆ ಬಂತೆಂದು ಅಲ್ಲಿಯ ಟೀಚರ ಬಾಯಿಂದಲೇ ರೇವಮ್ಮನಿಗೆ ಕೇಳಿಸಿದಳು. ರೇವಮ್ಮ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೇ ಚಪ್ಪಲಿ ಮೆಟ್ಟಿದರು.

ಸಂಜೆ ವಾಪಸು ಬರುವಾಗ ಮಹಾನಂದಾ ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ಖಾಜಾಮಿಯಾ ಕೋಟು ತೊಟ್ಟುಕೊಂಡಿದ್ದ. ಅವನ ಕಡೆಯ ಮೂತಿಯೂ ತೆರೆದಿತ್ತು. ಝರೆಪ್ಪ ಕಾಲು ಚಾಚಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

“ನಿಮ್ಮ ಬಾಜೂದವ್ರಿಗಿ ಕಾವು—” ಎಂದು ಗಾಡಿ ಶುರು ಮಾಡಿತು.

“ಶ್ಶ್! ಈಗ ಮಲಗ್ಯಾನ,” ಎಂದು ರೇವಮ್ಮ ಗದರಿದರು. “ಎಬ್ಬಿಸಿದಿ ಅಂದ್ರ ನೋಡು.”

ಉತ್ತರ ತಿಳಿಯದೆ ಗಾಡಿ ಸುಮ್ಮನಾಯಿತು.

ಕಿಟಕಿಯಾಚೆ ಮುಸುಕು ಹೊದ್ದ ಸೂರ್ಯ ಬೂದಿ ಮುಚ್ಚಿದ ಕೆಂಡದಂತೆ ಇಳಿಯುತ್ತಿದ್ದ. ಮಹಾನಂದಾ ಕೈಕಟ್ಟಿಕೊಂಡು, ದವಡೆ ಬಿಗಿದು, ಎದುರಿನ ಸೀಟನ್ನೇ ನೋಡುತ್ತಿದ್ದಳು. ಮೀಸಲು ತೀರಿದ ಮೇಲೆ ಏನು, ಸೋಮವಾರ ಆ ಮೇಜಿನ ಆಚೆ ಯಾರು ಯಾರು ಕೂತಿರುತ್ತಾರೆ, ಏನೇನು ನಯವಾದ ಮಾತು ಆಡುತ್ತಾರೆ ಎಂದು ಯೋಚಿಸುತ್ತಿದ್ದಳು. ಬೆಚ್ಚಗಿನ ಅಂಗೈಯೊಂದು ಅವಳ ಮೊಳಕೈ ಮೇಲೆ ಬಂದು ಕೂತಿತು.

“ಸಿಟ್ಟು ಇನ್ನಾ ಇಳದಿಲ್ಲೇನವಾ?” ಎಂದರು ರೇವಮ್ಮ.

“ಇಲ್ರಿ ಅತ್ತಿ.”

“ಇಳಸಬ್ಯಾಡ,” ಎಂದರು ರೇವಮ್ಮ, ಶಾಲಿನ ಅರ್ಧವನ್ನು ಅವಳ ಮಡಿಲಿಗೆ ಎಳೆದು ಹೊಚ್ಚುತ್ತ. “ಸೋಮವಾರ ಬೇಕಾಗ್ತದ.”